ಓದುಗರ ಪ್ರಶ್ನೆ, ಅಡುಗೆಮನೆಯ ಉತ್ತರ: ಕ್ರಿಸ್‌ಮಸ್ಸಿನ ದಿಮ್ಮಿ ಕೇಕ್

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತಿನಿಸಿನ ಸುತ್ತ ಇದ್ದವು. ಮರದ ದಿಮ್ಮಿಯಂತೆ ಸುರುಳಿ ಸುತ್ತಿ, ಚಾಕೊಲೇಟಿನ ತೊಗಟೆ ಹೊದಿಸಿ ಮಾಡುವ ಕ್ರಿಸ್‌ಮಸ್ ಕೇಕಿನ ಬಗ್ಗೆ ಕೇಳಿದವರಿಗೆಲ್ಲ ಒಟ್ಟಿಗೆ ಉತ್ತರಿಸುವುದು ಅನುಕೂಲವೆಂದು ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಎರಡು ವರ್ಷಗಳಿಂದ ಈ ಕೇಕ್ ಮಾಡಲು ಪ್ರಯತ್ನಿಸುತ್ತಿದ್ದೇನೆ. ಅಳತೆಯಲ್ಲಿ ಎಲ್ಲಿಯೂ ತಪ್ಪಿಲ್ಲ. 180 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಿ, ಪೂರ್ತಿ ಆರಿದ ಮೇಲೆ ಕ್ರೀಮ್ ಸವರಿ ಸುತ್ತುತ್ತೇನೆ. ಎರಡೂ ಸಲ ಸುತ್ತುವಾಗ ಬಿರಿದು ಮೂರು ತುಂಡಾಯಿತು. ತಪ್ಪೆಲ್ಲಿ? (ಮಂಗಳೂರಿನ ಓದುಗರು)

ಉತ್ತರ: ತಪ್ಪು ನಿಮ್ಮ ಪತ್ರದಲ್ಲಿಯೇ ಎರಡು ಕಡೆ ಇದೆ: 20 ನಿಮಿಷ ಬೇಯಿಸಿದ್ದು ಒಂದು, ಪೂರ್ತಿ ಆರುವವರೆಗೆ ಕಾದದ್ದು ಇನ್ನೊಂದು. ಈ ಕೇಕಿನ ಹಿಟ್ಟು ತಟ್ಟೆಯಲ್ಲಿ ಒಂದು ಸೆಂಟಿಮೀಟರಿನಷ್ಟು ಮಾತ್ರ ದಪ್ಪ ಇರುವುದರಿಂದ ಅದು ಬೇಯಲು 10 ನಿಮಿಷ, ಹೆಚ್ಚೆಂದರೆ 12 ನಿಮಿಷ ಸಾಕು. ಅದಕ್ಕೂ ಮೇಲೆ ಒಲೆಯೊಳಗೆ ಉಳಿದ ಪ್ರತಿ ನಿಮಿಷವೂ ಕೇಕಿನೊಳಗಿನ ತೇವವನ್ನು ಕದಿಯುತ್ತದೆ. ತೇವ ಹೋದ ಕೇಕ್ ಬಾಗುವುದಿಲ್ಲ, ಮುರಿಯುತ್ತದೆ. ಕಾವಲಿಯ ಮೇಲೆ ಹೆಚ್ಚು ಹೊತ್ತು ಬಿಟ್ಟ ಚಪಾತಿಯನ್ನು ಮಡಚಲು ಹೋದರೆ ಏನಾಗುತ್ತದೆಯೋ ಇಲ್ಲಿಯೂ ಅದೇ ಆಗುತ್ತದೆ. ಕೋಕೋ ಪುಡಿ ಮೈದಾಗಿಂತ ಹೆಚ್ಚು ನೀರು ಹೀರುವ ವಸ್ತುವಾದ್ದರಿಂದ ಚಾಕೊಲೇಟ್ ಸುರುಳಿಯಲ್ಲಿ ಈ ಅಪಾಯ ಬಿಳಿ ಸುರುಳಿಗಿಂತಲೂ ಹೆಚ್ಚು.

25 ಸೆಂಟಿಮೀಟರ್ ಅಗಲ, 35 ಸೆಂಟಿಮೀಟರ್ ಉದ್ದದ ತಟ್ಟೆಗೆ ನಾನು ಬಳಸುವ ಪ್ರಮಾಣ ಹೀಗಿದೆ: 4 ಮೊಟ್ಟೆ, 100 ಗ್ರಾಂ ಸಕ್ಕರೆ, 70 ಗ್ರಾಂ ಮೈದಾ, 25 ಗ್ರಾಂ ಕೋಕೋ ಪುಡಿ, ಒಂದು ದೊಡ್ಡ ಚಮಚ ಜೇನುತುಪ್ಪ, ಎರಡು ದೊಡ್ಡ ಚಮಚ ಬೆಚ್ಚಗಿನ ಹಾಲು, ಚಿಟಿಕೆ ಉಪ್ಪು. ಜೇನುತುಪ್ಪ ರುಚಿಗೆಂದು ಅಲ್ಲ. ಅದು ತೇವವನ್ನು ಹಿಡಿದಿಟ್ಟುಕೊಂಡು ಕೇಕನ್ನು ಬಾಗುವಂತೆ ಮಾಡುತ್ತದೆ. ಬೇಕಿಂಗ್ ಪೌಡರ್ ಬೇಕಿಲ್ಲ, ಏಕೆಂದರೆ ಈ ಕೇಕನ್ನು ಎಬ್ಬಿಸುವುದು ಮೊಟ್ಟೆಯೊಳಗೆ ಸೇರಿಸಿದ ಗಾಳಿ ಮಾತ್ರ. ಮೊಟ್ಟೆ ಮತ್ತು ಸಕ್ಕರೆಯಿರುವ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಬೆರಳಿಗೆ ಉಗುರುಬೆಚ್ಚಗೆ ತಾಗುವವರೆಗೆ ಕಲಕಿ, ಕೆಳಗಿಳಿಸಿ, ವಿದ್ಯುತ್ ಕಡೆಗೋಲಿನಲ್ಲಿ 8ರಿಂದ 10 ನಿಮಿಷ ಕಡೆಯಬೇಕು. ಕಡೆಗೋಲನ್ನು ಎತ್ತಿದಾಗ ಇಳಿಯುವ ಧಾರೆ ಮೇಲ್ಮೈಯಲ್ಲಿ ಪಟ್ಟಿಯಂತೆ ಬಿದ್ದು ಮೂರು ಎಣಿಸುವವರೆಗೆ ಮುಳುಗದೆ ನಿಂತರೆ ಹದ ಬಂತು. ಮೈದಾ ಮತ್ತು ಕೋಕೋವನ್ನು ಒಟ್ಟಿಗೆ ಜರಡಿ ಹಿಡಿದು ಮೂರು ಕಂತಿನಲ್ಲಿ ಹಾಕಿ, ಅಗಲವಾದ ಸೌಟಿನಿಂದ ತಳದಿಂದ ಮೇಲಕ್ಕೆ ಮಗುಚುತ್ತಾ ಬೆರೆಸಬೇಕು. ಅವಸರದಿಂದ ಗರಗರನೆ ತಿರುಗಿಸಿದರೆ ಹತ್ತು ನಿಮಿಷ ಕಡೆದು ಗಳಿಸಿದ ಗಾಳಿಯೆಲ್ಲ ಅರ್ಧ ನಿಮಿಷದಲ್ಲಿ ಹೊರಟುಹೋಗುತ್ತದೆ. ಜೇನು ಬೆರೆಸಿದ ಹಾಲನ್ನು ಕೊನೆಯಲ್ಲಿ ಅಂಚಿನಿಂದ ಇಳಿಸಬೇಕು.

ಬೆಂದಿತೇ ಎಂದು ನೋಡಲು ಗಡಿಯಾರಕ್ಕಿಂತ ಬೆರಳನ್ನು ನಂಬಿ. ನಡುಭಾಗವನ್ನು ಮೆಲ್ಲಗೆ ಒತ್ತಿದಾಗ ಗುಳಿ ಬಿದ್ದು ತಾನಾಗಿ ಮೇಲೆದ್ದು ಬಂದರೆ ಆ ಕ್ಷಣವೇ ಹೊರಗೆ ತೆಗೆಯಿರಿ. ಅಂಚುಗಳು ತಟ್ಟೆಯನ್ನು ಬಿಟ್ಟು ಒಳಸರಿದು ಗರಿಗರಿಯಾಗಿದ್ದರೆ ಈಗಾಗಲೇ ತಡವಾಗಿದೆ ಎಂದೇ ಅರ್ಥ. ಆಗ ಆ ಅಂಚುಗಳನ್ನು ಚಾಕುವಿನಿಂದ ಬೆರಳಗಲ ಕತ್ತರಿಸಿ ತೆಗೆದರೆ ಉಳಿದದ್ದು ಉಳಿದೀತು, ಏಕೆಂದರೆ ಬಿರುಕು ಶುರುವಾಗುವುದು ಸಾಮಾನ್ಯವಾಗಿ ಅಲ್ಲಿಂದಲೇ. ಮನೆಯ ಓಟಿಜಿಯಲ್ಲಿ, ಅಂದರೆ ಸಣ್ಣ ವಿದ್ಯುತ್ ಒಲೆಯಲ್ಲಿ, ಮೇಲಿನ ಬಿಸಿ ಸರಳು ತಟ್ಟೆಗೆ ತೀರ ಹತ್ತಿರವಾಗಿದ್ದರೆ ಕೇಕಿನ ಮೇಲ್ಮೈ ಮೊದಲೇ ಒಣಗುತ್ತದೆ, ಆದ್ದರಿಂದ ತಟ್ಟೆಯನ್ನು ನಡುವಿನ ಮೆಟ್ಟಿಲಲ್ಲಿಯೇ ಇಡಬೇಕು. ಫ್ಯಾನ್ ಇರುವ ಒಲೆಯಾದರೆ ಉಷ್ಣತೆಯನ್ನು 15ರಿಂದ 20 ಡಿಗ್ರಿ ಇಳಿಸಿಕೊಳ್ಳಿ.

ಹೊರಗೆ ತೆಗೆದ ನಂತರದ ಎರಡು ನಿಮಿಷಗಳಲ್ಲಿ ಈ ಕೇಕಿನ ಹಣೆಬರಹ ನಿರ್ಧಾರವಾಗುತ್ತದೆ. ತೆಳ್ಳನೆಯ ಹತ್ತಿಬಟ್ಟೆಯನ್ನು ಮೊದಲೇ ಹಾಸಿ, ಅದರ ಮೇಲೆ ಸಕ್ಕರೆಪುಡಿಯನ್ನೋ ಕೋಕೋವನ್ನೋ ಉದುರಿಸಿಟ್ಟಿರಬೇಕು. ಬಿಸಿ ತಟ್ಟೆಯನ್ನು ಅದರ ಮೇಲೆ ಮಗುಚಿ, ತಳದ ಕಾಗದವನ್ನು ನಿಧಾನವಾಗಿ ಸುಲಿದು, ಕೇಕ್ ಹೊಗೆಯಾಡುತ್ತಿರುವಾಗಲೇ ಬಟ್ಟೆಯ ಸಮೇತ ಸುತ್ತಬೇಕು. ಬಿಸಿ ಕೇಕಿನ ಮೈ ಇನ್ನೂ ಗಟ್ಟಿಯಾಗಿರುವುದಿಲ್ಲ; ಸುತ್ತಿದ ಸ್ಥಿತಿಯಲ್ಲಿ ಆರಿದರೆ ಅದು ಆ ಬಾಗನ್ನೇ ತನ್ನ ಆಕಾರವೆಂದು ಹಿಡಿದುಕೊಳ್ಳುತ್ತದೆ. ಚಪ್ಪಟೆಯಾಗಿ ಆರಲು ಬಿಟ್ಟು ಆಮೇಲೆ ಬಾಗಿಸಲು ಹೋದರೆ ಬಿರಿಯದೆ ಇನ್ನೇನಾದೀತು? ಕರಾವಳಿಯವರಾದ ನಿಮಗೆ ಪತ್ರೊಡೆ ಸುತ್ತಿ ಅಭ್ಯಾಸವಿದ್ದೇ ಇರುತ್ತದೆ. ಅಲ್ಲಿ ಮೊದಲ ಮಡಿಕೆಯನ್ನು ಒತ್ತಿ ಬಿಗಿಯಾಗಿ ಮಾಡಿ ಮುಂದಿನದನ್ನು ಸಡಿಲವಾಗಿ ಉರುಳಿಸುತ್ತೀರಲ್ಲ, ಇಲ್ಲಿಯೂ ಕೈ ಹಾಗೆಯೇ ನಡೆಯಬೇಕು. ಅರ್ಧ ಗಂಟೆಯ ನಂತರ ಬಿಡಿಸಿದಾಗ ಒಳತುದಿ ಸುರುಳಿಯಾಗಿಯೇ ಉಳಿದಿರುತ್ತದೆ. ಅದನ್ನು ಒತ್ತಿ ಚಪ್ಪಟೆ ಮಾಡುವ ಗೋಜಿಗೆ ಹೋಗದೆ, ಇದ್ದಂತೆಯೇ ಕ್ರೀಮ್ ಸವರಿ ಮತ್ತೆ ಸುತ್ತಿ. ಇಷ್ಟಾಗಿಯೂ ಸಣ್ಣ ಬಿರುಕು ಬಂದರೆ ಮನಸ್ಸು ಕೆಡಿಸಿಕೊಳ್ಳಬೇಡಿ, ಹೊರಗಿನ ಚಾಕೊಲೇಟ್ ಅದನ್ನು ಮುಚ್ಚುತ್ತದೆ.

ಪ್ರಶ್ನೆ: ಕೇಕಿಗೆ ಮರದ ದಿಮ್ಮಿಯ ಆಕಾರವೇ ಏಕೆ? ಮಕ್ಕಳು ಕೇಳುತ್ತಾರೆ, ಹೇಳಲು ನನಗೆ ಗೊತ್ತಿಲ್ಲ. (ಹಾಸನದ ಓದುಗರು)

ಉತ್ತರ: ಇದರ ಮನೆ ಫ್ರಾನ್ಸ್. ಅಲ್ಲಿ ಇದನ್ನು ‘ಬ್ಯೂಶ್ ದ ನೊಯೆಲ್’ ಎನ್ನುತ್ತಾರೆ. ಬ್ಯೂಶ್ ಎಂದರೆ ಸೌದೆಯ ದಿಮ್ಮಿ, ನೊಯೆಲ್ ಎಂದರೆ ಕ್ರಿಸ್‌ಮಸ್. ಯುರೋಪಿನ ಹಲವು ಕಡೆ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಮನೆಯ ಅಗ್ಗಿಷ್ಟಿಕೆಯಲ್ಲಿ ದೊಡ್ಡದೊಂದು ದಿಮ್ಮಿಯನ್ನು ಹೊತ್ತಿಸಿ, ಅದು ಆದಷ್ಟು ದಿನ ಉರಿಯುವಂತೆ ನೋಡಿಕೊಳ್ಳುವ ಪದ್ಧತಿ ಇತ್ತು. ಫ್ರಾನ್ಸಿನ ದಕ್ಷಿಣಕ್ಕಿರುವ ಪ್ರೊವಾನ್ಸ್ ಪ್ರಾಂತದಲ್ಲಿ ಈ ಆಚರಣೆಗೆ ‘ಕಾಚೊ ಫಿಯೊ’ ಎಂದು ಹೆಸರು. ಅಲ್ಲಿ ಹಣ್ಣಿನ ಮರದ ದಿಮ್ಮಿಯನ್ನೇ ಆರಿಸಿ, ಮನೆಯ ಅತಿ ಹಿರಿಯರೂ ಅತಿ ಕಿರಿಯ ಮಗುವೂ ಜೊತೆಯಾಗಿ ಹಿಡಿದು ಊಟದ ಮೇಜಿಗೆ ಮೂರು ಸುತ್ತು ತಂದು, ಅದರ ಮೇಲೆ ಮೂರು ಸಲ ಸಿಹಿ ದ್ರಾಕ್ಷಾರಸ ಎರೆದು, ಬರುವ ವರ್ಷಕ್ಕೆ ಒಳಿತನ್ನು ಕೋರಿ ಬೆಂಕಿಗಿಡುತ್ತಾರೆ. ಅಜ್ಜನ ಕೈ ಮತ್ತು ಮೊಮ್ಮಗಳ ಕೈ ಒಂದೇ ಕೊರಡನ್ನು ಹಿಡಿದಿರುವ ಆ ದೃಶ್ಯವನ್ನು ನಿಮ್ಮ ಮಕ್ಕಳಿಗೆ ಹೇಳಿ, ಅವರಿಗೆ ಕೂಡಲೇ ಅರ್ಥವಾಗುತ್ತದೆ.

ನಗರಗಳ ಮನೆಗಳಲ್ಲಿ ತೆರೆದ ಅಗ್ಗಿಷ್ಟಿಕೆಗಳು ಹೋಗಿ ಕಬ್ಬಿಣದ ಮುಚ್ಚಿದ ಒಲೆಗಳು ಬಂದಾಗ ದಿಮ್ಮಿ ಉರಿಸಲು ಜಾಗವೇ ಇಲ್ಲದಾಯಿತು. ಒಲೆಯಲ್ಲಿ ಸ್ಥಾನ ಕಳೆದುಕೊಂಡ ದಿಮ್ಮಿ 19ನೇ ಶತಮಾನದ ಕೊನೆಯ ಹೊತ್ತಿಗೆ ಕೇಕಿನ ರೂಪದಲ್ಲಿ ಮೇಜಿನ ಮೇಲೆ ಬಂದು ಕುಳಿತಿತು. ಆಗಿನ ಮಿಠಾಯಿಗಾರರು ಮೆತ್ತನೆಯ ಸುರುಳಿ ಕೇಕಿಗೆ ಕಾಫಿ ಅಥವಾ ಚಾಕೊಲೇಟ್ ಬೆರೆಸಿದ ಬೆಣ್ಣೆ ಕ್ರೀಮನ್ನು ಹೊದಿಸಿ ತೊಗಟೆಯಂತೆ ಗೆರೆ ಎಳೆದರು, ಆ ರೂಪವೇ ಇಂದಿಗೂ ನಿಂತಿದೆ. ಬೆಲ್ಜಿಯಂ, ಕೆನಡಾದ ಕ್ವೆಬೆಕ್, ಲೆಬನಾನ್, ವಿಯೆಟ್ನಾಂ ಹೀಗೆ ಫ್ರೆಂಚರ ಸಂಪರ್ಕವಿದ್ದ ಕಡೆಯೆಲ್ಲ ಇದು ಹಬ್ಬದ ಕೇಕಾಗಿದೆ. ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿನ ತಟ್ಟೆಯೆಂದರೆ ಕಿಡಿಯೊ, ನೆವ್ರಿ, ಗುಳಿಯೊ ತುಂಬಿದ ಕುಸ್ವಾರ್. ದಿಮ್ಮಿ ಕೇಕ್ ಅಲ್ಲಿ ಅತಿಥಿಯಾಗಿಯೇ ಇರಲಿ, ಕುಸ್ವಾರಿನ ಜಾಗವನ್ನು ಅದಕ್ಕೆ ಬಿಟ್ಟುಕೊಡಬೇಡಿ ಎಂಬುದು ನನ್ನ ಪ್ರೀತಿಯ ಕೋರಿಕೆ.

ಪ್ರಶ್ನೆ: ಪೊಟ್ಟಣದಲ್ಲಿ ಸಿಗುವ ಫ್ರೆಶ್ ಕ್ರೀಮನ್ನು ಅರ್ಧ ಗಂಟೆ ಕಡೆದರೂ ಗಟ್ಟಿಯಾಗಲಿಲ್ಲ. ಅದನ್ನೇ ಚಾಕೊಲೇಟಿಗೆ ಹಾಕಿ, ಕೇಕಿಗೆ ಹೊದಿಸುವ ಗನಾಶ್ ಮಾಡಲು ಹೋದರೆ ಒಡೆದು ಎಣ್ಣೆ ಬಿಟ್ಟಿತು. ಚಾಕೊಲೇಟ್ ಯಾವುದು ತರಬೇಕು? (ಶಿವಮೊಗ್ಗದ ಓದುಗರು)

ಉತ್ತರ: ನಮ್ಮಲ್ಲಿ ಫ್ರೆಶ್ ಕ್ರೀಮ್ ಎಂದು ಮಾರುವುದರಲ್ಲಿ ಕೊಬ್ಬಿನಂಶ ಸಾಮಾನ್ಯವಾಗಿ ಶೇ 25ರಷ್ಟಿರುತ್ತದೆ. ಕಡೆದಾಗ ಗಾಳಿಯ ಗುಳ್ಳೆಗಳನ್ನು ಹಿಡಿದು ನಿಲ್ಲಿಸಲು ಕನಿಷ್ಠ ಶೇ 30, ಒಳ್ಳೆಯ ಹದಕ್ಕೆ ಶೇ 35 ಕೊಬ್ಬು ಬೇಕು. ಅರ್ಧ ಗಂಟೆಯಲ್ಲ, ಅರ್ಧ ದಿನ ಕಡೆದರೂ ಅದು ನಿಲ್ಲುವುದಿಲ್ಲ. ಇದರಲ್ಲಿ ನಿಮ್ಮ ಕೈಯ ದೋಷವಿಲ್ಲ. ಆದರೆ ಗನಾಶಿಗೆ ಅದೇ ಕ್ರೀಮ್ ಚೆನ್ನಾಗಿ ಒಗ್ಗುತ್ತದೆ. ಸಣ್ಣಗೆ ಹೆಚ್ಚಿದ 200 ಗ್ರಾಂ ಕಪ್ಪು ಚಾಕೊಲೇಟಿಗೆ 150 ಮಿಲಿ ಕ್ರೀಮನ್ನು ಅಂಚಿನಲ್ಲಿ ಗುಳ್ಳೆ ಏಳುವವರೆಗೆ ಮಾತ್ರ ಬಿಸಿ ಮಾಡಿ ಸುರಿದು, ಎರಡು ನಿಮಿಷ ಮುಟ್ಟದೆ ಬಿಟ್ಟು, ಆಮೇಲೆ ನಡುವಿನಿಂದ ಹೊರಕ್ಕೆ ಕಲಕಬೇಕು. ಒಡೆಯುವುದು ಹೆಚ್ಚಾಗಿ ಕ್ರೀಮ್ ಕುದಿದು ಉಕ್ಕಿದಾಗ. ಒಡೆದರೂ ಎಸೆಯಬೇಡಿ: ಬೆಚ್ಚಗಿನ ಹಾಲನ್ನು ಒಂದೊಂದೇ ಚಮಚ ಹಾಕುತ್ತಾ ಬಿರುಸಾಗಿ ಕಲಕಿದರೆ ಎರಡು ಮೂರು ಚಮಚಗಳೊಳಗೆ ಅದು ಮತ್ತೆ ಕೂಡಿಕೊಂಡು ಹೊಳಪಿಗೆ ಬರುತ್ತದೆ.

ಚಾಕೊಲೇಟ್ ಕೊಳ್ಳುವಾಗ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಕೋಕೋ ಬೆಣ್ಣೆ ಎಂದಿದ್ದರೆ ಅದು ನಿಜವಾದ ಚಾಕೊಲೇಟ್. ಅದರ ಬದಲು ತಾಳೆಯಂಥ ಸಸ್ಯಜನ್ಯ ಕೊಬ್ಬು ಇದ್ದರೆ ಅದು ಕಾಂಪೌಂಡ್. ಅಗ್ಗವೂ ಬಳಸಲು ಸುಲಭವೂ ಆದರೂ ಕಾಂಪೌಂಡ್ ನಾಲಿಗೆಯ ಮೇಲೆ ಮೇಣದಂತೆ ಉಳಿಯುತ್ತದೆ. ಕೇಕಿನ ಮೈಯೆಲ್ಲ ಚಾಕೊಲೇಟೇ ಆಗಿರುವ ಈ ತಿನಿಸಿಗೆ ಅದನ್ನು ಬಳಸಬೇಡಿ ಎಂದೇ ಹೇಳುತ್ತೇನೆ. ಕರ್ನಾಟಕದ ನಮಗೆ ಕೋಕೋ ದೂರದ ಬೆಳೆಯಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಅದು ಬೆಳೆಯುತ್ತದೆ. ಬೆಳೆಗಾರರ ಸಹಕಾರ ಸಂಸ್ಥೆಯಾಗಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಪುತ್ತೂರಿನ ಹತ್ತಿರದ ತೋಟವೊಂದರಲ್ಲಿ ಹಳದಿಗೆ ತಿರುಗಿದ ಕೋಕೋ ಕಾಯಿಯನ್ನು ಒಡೆದು, ಒಳಗಿನ ಬಿಳಿ ಲೋಳೆಯನ್ನು ಚೀಪಿದಾಗ ಬಂದ ಹುಳಿಸಿಹಿ ರುಚಿ ನನಗೆ ಇನ್ನೂ ನೆನಪಿದೆ. ಚಾಕೊಲೇಟಿನ ಪರಿಮಳದ ಸುಳಿವೇ ಅದರಲ್ಲಿರಲಿಲ್ಲ; ಬೀಜವನ್ನು ಹುದುಗಿಸಿ, ಒಣಗಿಸಿ, ಹುರಿದ ಮೇಲಷ್ಟೇ ಅದು ಬರುತ್ತದೆ.

ಗನಾಶನ್ನು ಬಿಸಿಯಾಗಿ ಸುರಿದರೆ ಅದು ಕೇಕಿನಿಂದ ಜಾರಿ ತಟ್ಟೆ ಸೇರುತ್ತದೆ. ಚಳಿಗಾಲದ ಬೆಳಿಗ್ಗೆ ಡಬ್ಬಿಯಲ್ಲಿ ಅರೆ ಹೆಪ್ಪುಗಟ್ಟಿದ ತುಪ್ಪದ ಹದಕ್ಕೆ ಬರುವವರೆಗೆ ಕಾಯಿರಿ. ಸುರುಳಿಯ ಒಂದು ತುದಿಯಿಂದ ನಾಲ್ಕು ಬೆರಳಿನಷ್ಟನ್ನು ಓರೆಯಾಗಿ ಕತ್ತರಿಸಿ, ಪಕ್ಕಕ್ಕೆ ಅಂಟಿಸಿದರೆ ಅದೇ ಕೊಂಬೆಯಾಗುತ್ತದೆ. ಗನಾಶ್ ಸವರಿದ ಮೇಲೆ ಮುಳ್ಳುಚಮಚದಿಂದ ಉದ್ದಕ್ಕೆ ಗೆರೆ ಎಳೆಯಿರಿ, ಆದರೆ ಕೈ ಅಲ್ಲಲ್ಲಿ ಅಲುಗಲಿ. ನಿಜವಾದ ತೊಗಟೆಯಲ್ಲಿ ನೇರ ಗೆರೆ ಇರುವುದಿಲ್ಲ. ಹುಣಸೆಮರದ ಬುಡವನ್ನು ಒಮ್ಮೆ ನೋಡಿ ಬಂದು ಕೆಲಸ ಶುರು ಮಾಡಿದರೆ ಇನ್ನೂ ಒಳ್ಳೆಯದು. ಒಳಗಿನ ಹೂರಣಕ್ಕೆ ಬೆಣ್ಣೆ ಕ್ರೀಮ್ ಮಾಡುವವರು ಅದಕ್ಕೆ ಎರಡು ಚಮಚ ಗಟ್ಟಿ ಫಿಲ್ಟರ್ ಕಾಫಿ ಡಿಕಾಕ್ಷನ್ ಸೇರಿಸಿ ನೋಡಬೇಕು. ಸಿಹಿಯನ್ನು ಅದು ಹಿಡಿತದಲ್ಲಿಡುತ್ತದೆ, ಚಾಕೊಲೇಟನ್ನು ಇನ್ನಷ್ಟು ಗಾಢವಾಗಿಸುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲ. ಈ ಕೇಕ್ ಸಾಧ್ಯವೇ? (ಧಾರವಾಡದ ಓದುಗರು)

ಉತ್ತರ: ಇದೇ ಕೇಕ್ ಸಾಧ್ಯವಿಲ್ಲ ಎಂದು ನೇರವಾಗಿ ಹೇಳುವುದೇ ಸರಿ. ಸುತ್ತಿದಾಗ ಹಿಗ್ಗುವ ಗುಣವನ್ನು ಕೇಕಿಗೆ ಕೊಡುವುದು ಮೊಟ್ಟೆಯ ಪ್ರೋಟೀನು. ಮೊಸರು ಅಥವಾ ಕಂಡೆನ್ಸ್ಡ್ ಮಿಲ್ಕ್ ಹಾಕಿದ ಕೇಕ್ ತಿನ್ನಲು ಸೊಗಸಾದರೂ ಸುತ್ತುವಾಗ ಪುಡಿಪುಡಿಯಾಗುವುದೇ ಹೆಚ್ಚು. ಬದಲಿಗೆ ಒಲೆಯೇ ಬೇಡದ ಬಿಸ್ಕತ್ತಿನ ದಿಮ್ಮಿ ಮಾಡಿ. 200 ಗ್ರಾಂ ಮಾರಿ ಬಿಸ್ಕತ್ತನ್ನು ನುಣ್ಣಗೆ ಪುಡಿ ಮಾಡಿ, ಎರಡು ದೊಡ್ಡ ಚಮಚ ಕೋಕೋ, ಎರಡು ಚಮಚ ಸಕ್ಕರೆಪುಡಿ ಸೇರಿಸಿ, ಹಾಲನ್ನು ಚಮಚ ಚಮಚವಾಗಿ ಹಾಕುತ್ತಾ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ. ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಲಟ್ಟಿಸಿ, ಒಣ ಕೊಬ್ಬರಿ ತುರಿ, ಬೆಣ್ಣೆ, ಸಕ್ಕರೆಪುಡಿಯ ಹೂರಣವನ್ನು ಹರಡಿ, ಹಾಳೆಯ ಸಹಾಯದಿಂದ ಸುತ್ತಿ, ಎರಡು ಗಂಟೆ ಫ್ರಿಜ್ಜಿನಲ್ಲಿಡಿ. ಆಮೇಲೆ ಮೇಲೆ ಹೇಳಿದ ಗನಾಶನ್ನು ಸವರಬಹುದು. ಕತ್ತರಿಸಿದಾಗ ಕಪ್ಪಿನ ನಡುವೆ ಬಿಳಿ ಸುರುಳಿ ಕಾಣುತ್ತದೆ, ಮಕ್ಕಳು ತಾವೇ ಮಾಡಲೂಬಹುದು.

ಪ್ರಶ್ನೆ: ಚಿತ್ರಗಳಲ್ಲಿ ದಿಮ್ಮಿಯ ಮೇಲೆ ಬಿಳಿ ಅಣಬೆಗಳಿರುತ್ತವೆ. ನಾನು ಮಾಡಿದವು ರಾತ್ರಿ ಕಳೆಯುವುದರೊಳಗೆ ಅಂಟಂಟಾದವು. (ಉಡುಪಿಯ ಓದುಗರು)

ಉತ್ತರ: ಅವು ಮೊಟ್ಟೆಯ ಬಿಳಿಭಾಗ ಮತ್ತು ಸಕ್ಕರೆಯನ್ನು ನೊರೆಯಾಗಿ ಕಡೆದು ಸಣ್ಣ ಉರಿಯಲ್ಲಿ ಒಣಗಿಸಿದ ಮೆರಾಂಗ್. ಸಕ್ಕರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಕಡಲ ಸೆರಗಿನ ಊರುಗಳಲ್ಲಿ ಇದಕ್ಕೆ ಹೆಚ್ಚು ಸಮಯ ಬೇಕಾಗುವುದಿಲ್ಲ. ಒಣಗಿದ ಕೂಡಲೇ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟು, ಬಡಿಸುವ ಹೊತ್ತಿಗಷ್ಟೇ ಕೇಕಿನ ಮೇಲಿಡಿ. ಕೇಕಿನ ಜೊತೆ ಫ್ರಿಜ್ಜಿನಲ್ಲಂತೂ ಇಡಲೇಬೇಡಿ. ಅಷ್ಟು ತಾಪತ್ರಯ ಬೇಡವೆನಿಸಿದರೆ ಗೋಡಂಬಿ ಬರ್ಫಿಯ ಹಿಟ್ಟಿನಿಂದ ಅಣಬೆ ಮಾಡಿ, ಟೊಪ್ಪಿಗೆಗೆ ಸ್ವಲ್ಪ ಕೋಕೋ ಸವರಿ. ನೋಡಲೂ ತಿನ್ನಲೂ ಅದು ಮೆರಾಂಗಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಎಷ್ಟು ದಿನ ಮುಂಚೆ ಮಾಡಿಡಬಹುದು? (ಬೆಂಗಳೂರಿನ ಓದುಗರು)

ಉತ್ತರ: ಹಿಂದಿನ ದಿನ ಮಾಡಿದರೆ ಅತ್ಯುತ್ತಮ. ಒಂದು ರಾತ್ರಿ ಕಳೆದಾಗ ಹೂರಣದ ತೇವ ಕೇಕಿಗಿಳಿದು ಎರಡೂ ಒಂದಾಗುತ್ತವೆ. ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಚೆನ್ನಾಗಿರುತ್ತದೆ. ಬಡಿಸುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಡಿ, ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಕತ್ತರಿಸಿ, ಹಿಮದಂತೆ ಕಾಣಲು ಬೇಕಾದ ಸಕ್ಕರೆಪುಡಿಯನ್ನು ತಟ್ಟೆ ಮೇಜಿಗೆ ಹೋಗುವ ಮುಂಚಿನ ಗಳಿಗೆಯಲ್ಲಿ ಉದುರಿಸಿ. ಮೊದಲೇ ಹಾಕಿದರೆ ಅದು ಕರಗಿ ಕಲೆಯಾಗಿ ಉಳಿಯುತ್ತದೆ.