ಓದುಗರ ಪ್ರಶ್ನೆ: ದಂಡ ಹಾಕಿದರೆ ಪ್ಲಾಸ್ಟಿಕ್ ತೊಟ್ಟೆ ಸುಡುವುದು ನಿಲ್ಲುತ್ತದಾ?

ಪ್ರಶ್ನೆ: ಅಕ್ಕಾ, ನಾನು ಕೇರಳದ ಕಾಸರಗೋಡಿನ ಬದಿಯಡ್ಕ ಕಡೆಯವಳು, ಪಂಚಾಯತಿಗಾಗಿ ಕಸ ಸಂಗ್ರಹಿಸುವ ಹಸಿರು ಕ್ರಿಯಾಸೇನೆಯಲ್ಲಿದ್ದೇನೆ. ಮನೆಮನೆಗೆ ಹೋಗಿ ಪ್ಲಾಸ್ಟಿಕ್ ತರುತ್ತೇವೆ, ತಿಂಗಳಿಗೆ 50 ರೂಪಾಯಿ ತೆಗೆದುಕೊಳ್ಳುತ್ತೇವೆ. ಕೆಲವರು ಏನು ಹೇಳಿದರೂ ಕೊಡುವುದಿಲ್ಲ, ಸುಡುತ್ತಾರೆ. ಎಲ್ಲರಿಗೂ ದಂಡ ಹಾಕಿಸಿದರೆ ಸರಿಯಾಗ್ತಾರಾ?

ಉತ್ತರ: ಬಿಸಿಲಲ್ಲಿ ಗುಡ್ಡ ಹತ್ತಿ ಇಳಿದು ಬಂದವರಿಗೆ ಬಾಗಿಲಲ್ಲೇ "ಇಲ್ಲ" ಅಂದರೆ ಎಷ್ಟು ಬೇಸರ ಅಂತ ಗೊತ್ತು. ಆದರೂ ಎಲ್ಲರಿಗೂ ದಂಡ ಬೇಡ. ಕೊಡದ ಮನೆ ಹತ್ತಿದ್ದರೆ ಹತ್ತರ ಕಾರಣವೂ ಒಂದೇ ಅಲ್ಲ.

ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಬಚ್ಚಲ ಒಲೆಗೆ ಹಾಲಿನ ತೊಟ್ಟೆ ಹಾಕುತ್ತಿದ್ದರು. ಮಳೆಗಾಲದಲ್ಲಿ ಮಡಲು ಒದ್ದೆ, ತೊಟ್ಟೆ ಹಾಕಿದರೆ ಭಗ್ಗನೆ ಹಿಡಿಯುತ್ತದೆ. 50 ರೂಪಾಯಿ ಉಳಿಸಲು ಅಂದುಕೊಂಡಿದ್ದೆ. ಕೇಳಿದರೆ, "ತಿಂಗಳಿಡೀ ಇಟ್ಟರೆ ನಾರ್ತದೆ ಮಾರಾಯ್ತಿ, ಇರುವೆ ಮುತ್ತುತ್ತದೆ" ಅಂದರು. ತೊಳೆದು ಒಣಗಿಸಿ ಇಡಬೇಕು ಅಂತ ಮನೆಗೆ ಬಂದ ಚೀಟಿಯಲ್ಲಿತ್ತು. ಚೀಟಿ ಬರೀ ಮಲಯಾಳದಲ್ಲಿತ್ತು. ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ಓದಿ ಹೇಳಿದ ಮೇಲೆ ಅಡುಗೆಮನೆ ಹಿಂದೆ ಹಗ್ಗ ಕಟ್ಟಿದರು. ಈಗ ಅಲ್ಲಿ ಬಟ್ಟೆಯ ಕ್ಲಿಪ್ಪಿನಲ್ಲಿ ತೊಟ್ಟೆಗಳು ಸಾಲಾಗಿ ಒಣಗುತ್ತವೆ. ಒಲೆಗೆ ಗೆರಟೆ ಸಾಕಾಗುತ್ತದೆ. ಇವರಿಗೆ ದಂಡ ಹಾಕಿ ಏನು ಪ್ರಯೋಜನ?

ಎದುರುಮನೆಯ ಮಾಸ್ಟ್ರದ್ದು ಬೇರೆ ಕಥೆ. ಅವರಿಗೆ ಓದಲೂ ಬರುತ್ತದೆ, ಹಣವೂ ಇದೆ. ನಂಬಿಕೆ ಇರಲಿಲ್ಲ. 2023ರ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರದಲ್ಲಿ ಕಸದ ರಾಶಿ ದಿನಗಟ್ಟಲೆ ಉರಿದದ್ದನ್ನು ಟಿವಿಯಲ್ಲಿ ನೋಡಿದ್ದರು. "ನಾವು ಕೊಟ್ಟದ್ದನ್ನೂ ಎಲ್ಲೋ ಸುಡ್ತಾರೆ" ಅನ್ನುತ್ತಿದ್ದರು. ಒಂದು ದಿನ ಕಸ ವಿಂಗಡಿಸುವ ಶೆಡ್ಡಿಗೆ ಕರೆದುಕೊಂಡು ಹೋದೆ. ಹೆಂಗಸರು ನೆಲದಲ್ಲಿ ಕೂತು ಹಾಲಿನ ತೊಟ್ಟೆ ಬೇರೆ, ಚಪ್ಪಲಿ ಬೇರೆ ಮಾಡುತ್ತಿದ್ದರು. ಮಾಸ್ಟ್ರು ತುಂಬಾ ಹೊತ್ತು ನಿಂತು ನೋಡಿದರು. ಮುಂದಿನ ತಿಂಗಳು ತಾವೇ ಗೋಣಿ ಕಟ್ಟಿ ಗೇಟಿನ ಹತ್ತಿರ ಇಟ್ಟಿದ್ದರು.

ದಂಡ ಕೆಲವು ಸಲ ತಿರುಗಿಯೂ ಬೀಳುತ್ತದೆ. ಇಸ್ರೇಲಿನ ಹೈಫಾದಲ್ಲಿ, ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗೆ ಕೆಲವು ಶಿಶುಪಾಲನಾ ಕೇಂದ್ರಗಳು ದಂಡ ಹಾಕಿ ನೋಡಿದವು. 2000ದಲ್ಲಿ ಆ ಅಧ್ಯಯನ ಪ್ರಕಟವಾಯಿತು. ತಡವಾಗಿ ಬರುವವರು ಜಾಸ್ತಿಯಾದರು! ಮೊದಲು ಟೀಚರನ್ನು ಕಾಯಿಸಲು ಸಂಕೋಚವಿತ್ತು. ಆಮೇಲೆ, ಹಣ ಕೊಟ್ಟಾಯಿತಲ್ಲ ಅಂತಾಯಿತು. ದಂಡ ತೆಗೆದ ಮೇಲೂ ಆ ಸಂಕೋಚ ವಾಪಸ್ ಬರಲಿಲ್ಲ. 50 ರೂಪಾಯಿ ಕೊಟ್ಟಿದ್ದೇನೆ ಅಂತ ಡಯಾಪರನ್ನೂ ಗೋಣಿಗೆ ತುರುಕುವವರನ್ನು ನೀವು ನೋಡಿರುತ್ತೀರಿ, ಅಲ್ವಾ?

ರಾತ್ರಿ ಗಾಡಿಯಲ್ಲಿ ತಂದು ತೋಡಿಗೆ ಸುರಿಯುವವರಿದ್ದಾರೆ. ಅವರಿಗೆ ದಂಡ ಹಾಕಿಸಿ, ಯೋಚಿಸಬೇಡಿ.

ಉಳಿದವರ ಮನೆಗೆ ಮುಂದಿನ ಸಲ ಹೋದಾಗ "ಯಾಕೆ ಕೊಡುವುದಿಲ್ಲ?" ಅನ್ನಬೇಡಿ. "ತೆಗೆದಿಡಲು ಏನು ತೊಂದರೆ ಆಗ್ತಿದೆ?" ಅಂತ ಕೇಳಿ. ಯಾವ ತಿಂಗಳು ಯಾವ ಕಸ, ಹೇಗೆ ಇಡಬೇಕು ಅಂತ ಕನ್ನಡದಲ್ಲಿ ಚೀಟಿ ಮಾಡಿಸಲು ಪಂಚಾಯತಿಗೆ ಅರ್ಜಿ ಕೊಡಿ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ನಮ್ಮಂಥ ಕನ್ನಡಿಗರಿಗೆ ಕೇರಳದ 1969ರ ಭಾಷಾ ಕಾಯ್ದೆ ಆ ಹಕ್ಕು ಕೊಟ್ಟಿದೆ. ಬರೆಯಲು ಸಹಾಯ ಬೇಕಿದ್ದರೆ ಕಾಗದ ಹಾಕಿ, ನಾನು ಬರೆದುಕೊಡುತ್ತೇನೆ.