ಒಂದೇ ಪೇಪರ್ ಬಾಕಿ ಇತ್ತು, ರೆಸ್ಯೂಮ್‌ನಲ್ಲಿ ಡಿಗ್ರಿ ಮುಗಿದಿದೆ ಅಂತ ಹಾಕಿದೆ

ಡಿಗ್ರಿಯ ಎರಡು ಪೇಪರ್ ಬಾಕಿ ಇದೆ, ಮೂರು ವರ್ಷ ಗ್ಯಾಪ್ ಆಗಿದೆ, ರೆಸ್ಯೂಮ್‌ನಲ್ಲಿ ಪಾಸ್ ಅಂತ ಹಾಕಿದರೆ ಸಿಕ್ಕಿಬೀಳುತ್ತೇನಾ ಅಂತ ಕೇಳಿದ್ದೀರಿ. ಆಗಲೇ ಎರಡು ಕಡೆ ಹಾಗೇ ಕಳಿಸಿದ್ದೇನೆ ಅಂತಲೂ ಬರೆದಿದ್ದೀರಿ. ನನಗೆ ಬಾಕಿ ಇದ್ದದ್ದು ಒಂದೇ ಪೇಪರ್. ಸ್ಟ್ಯಾಟಿಸ್ಟಿಕ್ಸ್.

ನಾನು ಸಿಕ್ಕಿಬಿದ್ದದ್ದು ನಾಲ್ಕು ವರ್ಷ ಎಂಟು ತಿಂಗಳ ಮೇಲೆ. ಆ ದಿನದ ಕತೆ ಚಿಕ್ಕದು. ಅದಕ್ಕೆ ಮುಂಚಿನ ನಾಲ್ಕು ವರ್ಷದ ಕತೆ ದೊಡ್ಡದು. ಅದನ್ನೇ ಮೊದಲು ಹೇಳುತ್ತೇನೆ.

2011ರಲ್ಲಿ ಕೂತು ರೆಸ್ಯೂಮ್ ಮಾಡುವಾಗ ಮೊದಲು ನಿಜವನ್ನೇ ಟೈಪ್ ಮಾಡಿದ್ದೆ. ‘ಬಿ.ಕಾಂ., ಒಂದು ವಿಷಯ ಬಾಕಿ.’ ಓದಿ ನೋಡಿದೆ. ಇಡೀ ಪುಟದಲ್ಲಿ ಆ ಒಂದು ಪದವೇ ಕಣ್ಣಿಗೆ ಹೊಡೆಯುತ್ತಿತ್ತು. ‘ಬಾಕಿ’ ಪಕ್ಕದಲ್ಲಿ ಕರ್ಸರ್ ಮಿಣುಕುತ್ತಿತ್ತು. ಬ್ಯಾಕ್‌ಸ್ಪೇಸ್ ಒತ್ತಿ ಹಿಡಿದೆ. ಬಿ.ಕಾಂ. ಆದಮೇಲಿನದೆಲ್ಲ ಅಳಿಸಿ 2011 ಅಂತ ಹಾಕಿದೆ. ಪಾಸ್ ಅಂತ ಬರೆಯಲೇ ಇಲ್ಲ ನೋಡಿ, ಬರೀ ವರ್ಷ ಬರೆದೆ. ಕೋರ್ಸ್ ಮುಗಿದ ವರ್ಷ ಅದೇ ತಾನೇ ಅಂತ ಸಮಾಧಾನ ಹೇಳಿಕೊಂಡೆ. ಮುಂದಿನ ಸಲ ಪರೀಕ್ಷೆ ಬರೆದು ಪಾಸಾದರೆ ಆಯ್ತು, ಸುಳ್ಳು ತಾನಾಗಿಯೇ ನಿಜ ಆಗುತ್ತೆ ಅಂದುಕೊಂಡೆ.

ನಿಮ್ಮ ತಲೆಯಲ್ಲಿ ಇರುವ ಲೆಕ್ಕವೂ ಇದೇ ಅಲ್ವಾ? ‘ಹೇಗೂ ಮುಂದೆ ಕ್ಲಿಯರ್ ಮಾಡ್ತೀನಿ’ ಅಂತ ನೀವೂ ಬರೆದಿದ್ದೀರಿ. ಅದಕ್ಕೇ ಇಷ್ಟು ಉದ್ದ ಬರೆಯಲು ಕೂತಿದ್ದೇನೆ.

ಇಂಟರ್‌ವ್ಯೂನಲ್ಲಿ ಯಾರೂ ಡಿಗ್ರಿ ಬಗ್ಗೆ ಕೇಳಲಿಲ್ಲ. ಇಪ್ಪತ್ತು ನಿಮಿಷ ಲೆಕ್ಕಪತ್ರದ ಪ್ರಶ್ನೆ ಕೇಳಿದರು, ಎಲ್ಲದಕ್ಕೂ ಉತ್ತರ ಹೇಳಿದೆ. ಕೆಲಸಕ್ಕೆ ಸೇರಿದ ದಿನ ಒಂದು ಫಾರ್ಮ್ ಕೊಟ್ಟರು. ಯೂನಿವರ್ಸಿಟಿ ಹೆಸರು, ರಿಜಿಸ್ಟರ್ ನಂಬರ್, ಪಾಸಾದ ವರ್ಷ. ಕೆಳಗೆ ಚಿಕ್ಕ ಅಕ್ಷರದಲ್ಲಿ, ಮೇಲಿನ ವಿವರ ಸುಳ್ಳೆಂದು ಕಂಡುಬಂದರೆ ಯಾವಾಗ ಬೇಕಾದರೂ ಕೆಲಸದಿಂದ ತೆಗೆಯಬಹುದು ಅಂತ ಒಂದು ಸಾಲು. ಅದರ ಕೆಳಗೆ ಸಹಿ ಹಾಕಿದೆ. ಸರ್ಟಿಫಿಕೇಟ್ ಕಾಪಿ ಕೇಳಿದಾಗ ಕಾನ್ವೊಕೇಶನ್ ಇನ್ನೂ ಆಗಿಲ್ಲ, ಬಂದಮೇಲೆ ಕೊಡುತ್ತೇನೆ ಅಂದೆ. ಸರಿ ಅಂದರು. ಮತ್ತೆ ಕೇಳಲಿಲ್ಲ. ಯಾರೂ ನೋಡಲ್ಲ ಅಂತ ಫ್ರೆಂಡ್ಸ್ ಹೇಳುತ್ತಾರೆ ಅಂತ ಬರೆದಿದ್ದೀರಲ್ಲ, ಅದು ಅಷ್ಟರ ಮಟ್ಟಿಗೆ ನಿಜ. ಎಷ್ಟೋ ಕಡೆ ಯಾರೂ ಚೆಕ್ ಮಾಡುವುದಿಲ್ಲ.

ಆರು ತಿಂಗಳಿಗೆ ಪರೀಕ್ಷೆ ಬಂತು. ಫೀಸ್ ಕಟ್ಟಿದ್ದೆ. ಹಾಲ್ ಟಿಕೆಟ್ ಹೊರಗಡೆ ಪ್ರಿಂಟ್ ಮಾಡಿಸಿ, ನಾಲ್ಕು ಮಡಿಕೆ ಮಡಚಿ, ಬ್ಯಾಗಿನ ಒಳಗಿನ ಜಿಪ್‌ನಲ್ಲಿ ಇಟ್ಟಿದ್ದೆ. ಪರೀಕ್ಷೆ ಮಂಗಳವಾರ, ಬೆಳಿಗ್ಗೆ ಹತ್ತರಿಂದ ಒಂದು. ಅದು ನಮ್ಮ ವಿಭಾಗದಲ್ಲಿ ತಿಂಗಳ ಲೆಕ್ಕ ಮುಗಿಸುವ ವಾರ. ರಜೆ ಕೇಳಬೇಕು, ಏನಂತ ಕೇಳಲಿ? ಪರೀಕ್ಷೆ ಅಂದರೆ ಯಾವ ಪರೀಕ್ಷೆ ಅನ್ನುತ್ತಾರೆ. ನನ್ನ ಫೈಲಿನಲ್ಲಿ ಡಿಗ್ರಿ ಮುಗಿದಿದೆಯಲ್ಲ! ಜ್ವರ ಅಂತ ಹೇಳೋಣ ಅಂದುಕೊಂಡೆ. ಸೋಮವಾರ ಸಂಜೆ ಮ್ಯಾನೇಜರ್ ಎಲ್ಲರನ್ನೂ ಕರೆದು, ನಾಳೆ ಯಾರೂ ರಜೆ ಹಾಕಬೇಡಿ, ತೀರಾ ಮುಖ್ಯವಾದದ್ದು ಇದ್ದರೆ ಈಗಲೇ ಹೇಳಿ ಅಂದರು. ನನ್ನ ಮುಖ ನೋಡಿ, ‘ನಿನಗೇನಾದ್ರೂ ಇದ್ಯಾ?’ ಅಂತ ಬೇರೆ ಕೇಳಿದರು. ‘ಇಲ್ಲ ಸರ್’ ಅಂದೆ.

ಮಂಗಳವಾರ ಹತ್ತು ಗಂಟೆಗೆ ಬಿಲ್ಲುಗಳನ್ನು ತಾಳೆ ನೋಡುತ್ತಾ ಕೂತಿದ್ದೆ. ಹಾಲ್ ಟಿಕೆಟ್ ಕಾಲ ಹತ್ತಿರ ಬ್ಯಾಗಿನಲ್ಲೇ ಇತ್ತು. ಗಡಿಯಾರ ಒಂದು ಹೊಡೆಯುವವರೆಗೂ ಯಾವ ಮೊತ್ತವೂ ಸರಿ ಬರಲಿಲ್ಲ.

ನನ್ನ ಜೊತೆಗೇ ಸೇರಿದ್ದ ಒಬ್ಬಳಿಗೆ ನಿಮ್ಮ ಹಾಗೆ ಎರಡು ಪೇಪರ್ ಬಾಕಿ ಇತ್ತು. ಅವಳು ರೆಸ್ಯೂಮ್‌ನಲ್ಲಿ ಹಾಗೇ ಬರೆದಿದ್ದಳು. ಅದಕ್ಕೆ ಅವಳನ್ನು ನನಗಿಂತ ಒಂದು ಮೆಟ್ಟಿಲು ಕೆಳಗೆ ತೆಗೆದುಕೊಂಡಿದ್ದರು, ಸಂಬಳವೂ ಕಡಿಮೆ. ಆ ಮಂಗಳವಾರ ಅವಳಿಗೆ ಮಾತ್ರ ರಜೆ ಇತ್ತು. ಎರಡು ವಾರ ಮುಂಚೆಯೇ ಬರೆದುಕೊಟ್ಟಿದ್ದಳು. ಅವಳ ಹಾಲ್ ಟಿಕೆಟ್ ಕೀಬೋರ್ಡ್ ಪಕ್ಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ಬಿದ್ದಿರುತ್ತಿತ್ತು. ಮ್ಯಾನೇಜರ್ ಹೋಗುತ್ತಾ ಬರುತ್ತಾ ‘ಓದ್ಕೊಂಡ್ಯಾಮ್ಮಾ?’ ಅಂತ ಕೇಳುತ್ತಿದ್ದರು. ಊಟದ ಹೊತ್ತಿನಲ್ಲಿ ಅವಳು ಪುಸ್ತಕ ತೆರೆದರೆ ಯಾರೂ ಮಾತಾಡಿಸುತ್ತಿರಲಿಲ್ಲ. ನನಗೆ ಆ ಪುಸ್ತಕವನ್ನು ಆಫೀಸಿಗೆ ತರುವುದಕ್ಕೇ ಆಗುತ್ತಿರಲಿಲ್ಲ.

ಎರಡನೇ ಸಲವೂ ಫೀಸ್ ಕಟ್ಟಿದೆ. ಓದಿರಲಿಲ್ಲ, ಹೋಗಲಿಲ್ಲ. ಮೂರನೇ ಸಲ ಫೀಸೂ ಕಟ್ಟಲಿಲ್ಲ. ಆಮೇಲೆ ಟೈಮ್‌ಟೇಬಲ್ ನೋಡುವುದನ್ನೇ ಬಿಟ್ಟೆ.

ನನ್ನ ನಿಜವಾದ ತಪ್ಪು ಯಾವುದು ಅಂತ ಸರಿಯಾಗಿ ಹೇಳಬೇಕು, ಯಾಕೆಂದರೆ ಇಷ್ಟು ವರ್ಷವಾದರೂ ಜನ ಇದನ್ನು ತಪ್ಪು ಅರ್ಥ ಮಾಡಿಕೊಳ್ಳುತ್ತಾರೆ. ‘ಸುಳ್ಳು ಹೇಳಿ ಕೆಲಸ ಕಳಕೊಂಡ್ಯಾ, ಪಾಪ’ ಅನ್ನುತ್ತಾರೆ. ಕೆಲಸ ಹೋದದ್ದು ದೊಡ್ಡದಲ್ಲ, ಇನ್ನೊಂದು ಸಿಗುತ್ತೆ. ನಾನು ಕಳೆದುಕೊಂಡದ್ದು ಡಿಗ್ರಿಯನ್ನ. ಪರೀಕ್ಷೆ ಬರೆದು ಸುಳ್ಳನ್ನು ನಿಜ ಮಾಡುತ್ತೇನೆ ಅಂತ ತಾನೇ ಆ ವರ್ಷ ಹಾಕಿದ್ದು? ವರ್ಷ ಹಾಕಿದ ಮೇಲೆ ಪರೀಕ್ಷೆ ಬರೆಯುವ ದಾರಿಯನ್ನೇ ಮುಚ್ಚಿಕೊಂಡೆ. ರಜೆ ಕೇಳುವ ಹಾಗಿಲ್ಲ, ಓದುವುದು ಕಾಣುವ ಹಾಗಿಲ್ಲ, ಪಾಸಾದರೂ ಖುಷಿಯಿಂದ ಹೇಳುವ ಹಾಗಿಲ್ಲ. ಮುಗಿದಿದೆ ಅಂತ ಹೇಳಿದ್ದನ್ನು ಮತ್ತೆ ಮುಗಿಸುವುದು ಹೇಗೆ? ಒಂದು ಪೇಪರ್‌ಗೆ ನಲವತ್ತು ದಿನ ಓದಿದರೆ ಸಾಕಿತ್ತು. ಆ ನಲವತ್ತು ದಿನ ನನಗೆ ನಾಲ್ಕು ವರ್ಷದಲ್ಲಿ ಸಿಗಲಿಲ್ಲ. ಟೈಮ್ ಇತ್ತು. ಬಾಯಿ ಬಿಟ್ಟು ಕೇಳುವ ಹಕ್ಕು ನನಗೆ ಉಳಿದಿರಲಿಲ್ಲ.

ಅದು ಅಲ್ಲಿಗೇ ನಿಲ್ಲಲೂ ಇಲ್ಲ. ಒಳಗಡೆಯೇ ಎರಡು ಸಲ ಮೇಲಿನ ಹುದ್ದೆ ಖಾಲಿಯಾಯಿತು. ಅರ್ಜಿ ಹಾಕಬೇಕಾದರೆ ಸರ್ಟಿಫಿಕೇಟ್ ಅಪ್‌ಲೋಡ್ ಮಾಡಬೇಕಿತ್ತು. ಆಸಕ್ತಿ ಇಲ್ಲ ಅಂದುಬಿಟ್ಟೆ. ಎರಡನೇ ಸಲ ಆ ಜಾಗಕ್ಕೆ ಹೋದದ್ದು ಅವಳೇ. ಅಷ್ಟರಲ್ಲಿ ಎರಡೂ ಪೇಪರ್ ಪಾಸಾಗಿದ್ದಳು, ಒಂದನ್ನು ಮೂರನೇ ಯತ್ನದಲ್ಲಿ. ನಾನು ಕೈ ಕುಲುಕಿ ಬಂದೆ.

ಸಿಕ್ಕಿಬಿದ್ದದ್ದು ಹೀಗೆ. 2016ರಲ್ಲಿ ನಮ್ಮ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡುಕೊಂಡಿತು. ಹೊಸಬರು ಎಲ್ಲರ ದಾಖಲೆಯನ್ನೂ ಮತ್ತೆ ಪರಿಶೀಲನೆಗೆ ಕೊಟ್ಟರು. ನಿಮಗೆ ಇದು ಗೊತ್ತಿರಲಿ: ಚೆಕ್ ಮಾಡುವವರು ಎಷ್ಟೋ ಸಲ ನಿಮ್ಮನ್ನು ಏನೂ ಕೇಳುವುದಿಲ್ಲ. ಫಾರ್ಮ್‌ನಲ್ಲಿ ನೀವೇ ಬರೆದ ರಿಜಿಸ್ಟರ್ ನಂಬರನ್ನು ಒಂದು ಏಜೆನ್ಸಿ ನೇರವಾಗಿ ಯೂನಿವರ್ಸಿಟಿಗೆ ಕಳಿಸುತ್ತೆ. ಅಲ್ಲಿಂದ ಬಂದ ಉತ್ತರವನ್ನು ರೆಸ್ಯೂಮ್ ಜೊತೆ ಹೋಲಿಸಿ ಬಣ್ಣ ಹಾಕುತ್ತಾರೆ. ಹೊಂದಿದರೆ ಹಸಿರು, ಹೊಂದದಿದ್ದರೆ ಕೆಂಪು. ಎಚ್‌ಆರ್ ಮೇಡಂ ಒಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ನನ್ನ ಹೆಸರಿನ ಮುಂದಿನ ಚೌಕ ಕೆಂಪಾಗಿತ್ತು. ಅವರಿಗೆ ಕೋಪವೂ ಇರಲಿಲ್ಲ.

‘ಎಷ್ಟು ಪೇಪರ್ ಬಾಕಿ ಇತ್ತು?’ ಅಂದರು.

‘ಒಂದು.’

‘ಒಂದೇನಾ?’

ಅಷ್ಟೇ ಕೇಳಿದ್ದು. ನನ್ನ ಕೈಯಲ್ಲಿ ಮುಖ ಎತ್ತಲು ಆಗಲಿಲ್ಲ. ರಾಜೀನಾಮೆ ಬರೆದುಕೊಡಲು ಬಿಟ್ಟರು, ಅದೇ ಅವರು ಮಾಡಿದ ಉಪಕಾರ. ಆಮೇಲೆ ಯೂನಿವರ್ಸಿಟಿ ಕೌಂಟರಿಗೆ ಹೋಗಿ ಆ ಒಂದು ಪೇಪರ್ ಬರೆಯಬೇಕು ಅಂದೆ. ಗುಮಾಸ್ತರು ನಂಬರ್ ಹಾಕಿ ನೋಡಿ, ಕೋರ್ಸಿಗೆ ಸೇರಿದ ದಿನದಿಂದ ಇಷ್ಟು ವರ್ಷದೊಳಗೆ ಮುಗಿಸಬೇಕು ಅಂತ ಇದೆ, ನಿಮ್ಮದು ದಾಟಿದೆ, ಹೊಸದಾಗಿ ಸೇರಿ ಅಂದರು. ಒಂದು ಪೇಪರ್‌ಗಾಗಿ ಮತ್ತೆ ಮೂರು ವರ್ಷ ದೂರಶಿಕ್ಷಣದಲ್ಲಿ ಓದಿ 2019ರಲ್ಲಿ ಮುಗಿಸಿದೆ. ಮಧ್ಯೆ ಹದಿನಾಲ್ಕು ತಿಂಗಳು ಕೆಲಸ ಇರಲಿಲ್ಲ.

ಅದೇ ಹೊತ್ತಿನಲ್ಲಿ ನನ್ನಂಥವರ ಬಗ್ಗೆ ಹುಡುಕಿ ಹುಡುಕಿ ಓದುತ್ತಿದ್ದೆ. ಅಮೆರಿಕದ ಹೆಸರಾಂತ ಯೂನಿವರ್ಸಿಟಿ ಎಂಐಟಿಯಲ್ಲಿ ಪ್ರವೇಶ ವಿಭಾಗದ ಡೀನ್ ಆಗಿದ್ದ ಮೆರಿಲೀ ಜೋನ್ಸ್ 2007ರಲ್ಲಿ ರಾಜೀನಾಮೆ ಕೊಟ್ಟರು. 28 ವರ್ಷ ಅಲ್ಲಿ ಕೆಲಸ ಮಾಡಿದ್ದರು, ಒಳ್ಳೆಯ ಹೆಸರಿತ್ತು. ಸೇರುವಾಗ ಇಲ್ಲದ ಡಿಗ್ರಿಗಳನ್ನು ಬರೆದಿದ್ದರು. ಅವರು ಮೊದಲು ಸೇರಿದ ಚಿಕ್ಕ ಹುದ್ದೆಗೆ ಬಹುಶಃ ಡಿಗ್ರಿ ಬೇಕೇ ಇರಲಿಲ್ಲ ಅಂತ ಆಮೇಲೆ ಎಂಐಟಿಯವರೇ ಹೇಳಿದರು. ಆಮೇಲೆ ಯಾವತ್ತೂ ಅದನ್ನು ತಿದ್ದುವ ಧೈರ್ಯ ನನಗೆ ಬರಲಿಲ್ಲ ಅಂತ ಜೋನ್ಸ್ ಒಪ್ಪಿಕೊಂಡರು. ಅದನ್ನು ಓದಿ ತುಂಬ ಹೊತ್ತು ಸುಮ್ನೆ ಕೂತಿದ್ದೆ. ಇಂಟರ್‌ನೆಟ್ ಕಂಪನಿ ಯಾಹೂವಿನ ಸಿಇಒ ಆಗಿದ್ದ ಸ್ಕಾಟ್ ಥಾಂಪ್ಸನ್ ಹತ್ತಿರ ನಿಜವಾದ ಅಕೌಂಟಿಂಗ್ ಡಿಗ್ರಿ ಇತ್ತು. ಕಂಪನಿ ಪ್ರಕಟಿಸಿದ್ದ ಅವರ ಪರಿಚಯದಲ್ಲಿ ಅದರ ಜೊತೆಗೆ ಕಂಪ್ಯೂಟರ್ ಸೈನ್ಸ್ ಅಂತ ಇಲ್ಲದ್ದೂ ಸೇರಿತ್ತು. 2012ರ ಜನವರಿಯಲ್ಲಿ ಬಂದವರು ಮೇ ತಿಂಗಳಲ್ಲಿ ಹೊರಗೆ ಹೋದರು. ಅಷ್ಟು ದೊಡ್ಡವರಿಗೂ ಒಂದು ಸಾಲನ್ನು ಅಳಿಸುವುದು ಕಷ್ಟವಾಗಿತ್ತು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಸಿಕ್ಕಿಬೀಳುತ್ತೇನಾ ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅಂತ ನನಗೆ ಅನಿಸುತ್ತೆ. ಸಿಕ್ಕಿಬೀಳದೇ ಇರಬಹುದು. ನಾನು ಕೇಳುವುದು ಬೇರೆ: ಪಾಸ್ ಅಂತ ಹಾಕಿದ ಮೇಲೆ ಆ ಎರಡು ಪೇಪರ್‌ಗಳನ್ನು ಯಾವಾಗ, ಯಾರಿಗೆ ಏನು ಹೇಳಿ ಬರೆಯುತ್ತೀರಿ? ಅದಕ್ಕೆ ಉತ್ತರ ಇದ್ದರೆ ಹೇಳಿ. ನನಗೆ ನಾಲ್ಕು ವರ್ಷ ಹುಡುಕಿದರೂ ಸಿಗಲಿಲ್ಲ.

ಮೂರು ವರ್ಷದ ಗ್ಯಾಪ್ ಮುಚ್ಚಬೇಕು ಅಂತೀರಿ. ಯಾಕೆ ಮುಚ್ಚಬೇಕು? ಈಗ ನಾನೇ ಹೊಸಬರ ರೆಸ್ಯೂಮ್ ನೋಡುತ್ತೇನೆ. ಗ್ಯಾಪ್ ಕಂಡರೆ ಕೇಳುತ್ತೇನೆ, ಕಾರಣ ಹೇಳುತ್ತಾರೆ, ಮುಂದಕ್ಕೆ ಹೋಗುತ್ತೇವೆ. ಎಷ್ಟೋ ಸಲ ಅರ್ಧ ನಿಮಿಷದ ಮಾತು ಅದು. ಆದರೆ ವರ್ಷಗಳನ್ನು ಎಳೆದು ಹೊಂದಿಸಿದ್ದು ಕಂಡರೆ ಉಳಿದದ್ದನ್ನೂ ಅನುಮಾನದಿಂದಲೇ ಓದುವ ಹಾಗಾಗುತ್ತೆ. ಹೌದು, ಕೆಲವು ಕಡೆ ಆನ್‌ಲೈನ್ ಫಾರ್ಮ್‌ನಲ್ಲಿ ಡಿಗ್ರಿ ಮುಗಿದಿದೆಯಾ ಅನ್ನುವ ಚೌಕಕ್ಕೆ ಇಲ್ಲ ಅಂತ ಒತ್ತಿದರೆ ಅರ್ಜಿ ಅಲ್ಲೇ ಬಿದ್ದುಹೋಗುತ್ತೆ. ಆ ಜಾಗಗಳು ಸದ್ಯಕ್ಕೆ ನಿಮಗೆ ಇಲ್ಲ. ಅದು ನೋವಿನ ಮಾತೇ, ಆದರೆ ಸುಳ್ಳು ಭರವಸೆ ಕೊಡುವುದಿಲ್ಲ. ಡಿಗ್ರಿ ಕೇಳದ ಜಾಗ, ಸಂಬಳ ಸ್ವಲ್ಪ ಕಡಿಮೆ ಇರುವ ಜಾಗ ನೋಡಿ. ಪರೀಕ್ಷೆಗೆ ರಜೆ ಬೇಕು ಅಂತ ಸೇರುವಾಗಲೇ ಹೇಳಿ. ನನ್ನ ಕೇಳಿದರೆ ಸಂಬಳಕ್ಕಿಂತ ಆ ರಜೆ ಜಾಸ್ತಿ ಬೆಲೆಯದು.

ಡಿಗ್ರಿ ವಿಷಯವನ್ನೇ ರೆಸ್ಯೂಮ್‌ನಿಂದ ಬಿಡಬಹುದಾ ಅಂತ ಕೇಳಬಹುದು. ಬಿಡಬಹುದು. ಇರುವುದನ್ನು ಬರೆಯದೇ ಇರುವುದು ಬೇರೆ, ಇಲ್ಲದ್ದನ್ನು ಬರೆಯುವುದು ಬೇರೆ. ಆದರೆ ಬಿಡುವುದಕ್ಕಿಂತ ಬರೆಯುವುದೇ ಒಳ್ಳೆಯದು: ‘ಎರಡು ವಿಷಯ ಬಾಕಿ, ಮುಂದಿನ ಪರೀಕ್ಷೆಗೆ ನೋಂದಾಯಿಸಿದ್ದೇನೆ’. ನೋಂದಾಯಿಸಿದ ಮೇಲೆ ಮಾತ್ರ ಹೀಗೆ ಬರೆಯಿರಿ. ಯಾರೋ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ ಅಂದರು ಅಂತ ಕೊನೆಯಲ್ಲಿ ಬರೆದಿದ್ದೀರಿ. ಆ ಮನುಷ್ಯನ ನಂಬರನ್ನು ಈಗಲೇ ಅಳಿಸಿ. ನಕಲಿ ದಾಖಲೆ ಅಂದರೆ ಬರೀ ಕೆಲಸ ಹೋಗುವ ಮಾತಲ್ಲ, ಪೊಲೀಸ್ ಕೇಸ್ ಆಗುವ ಮಾತು.

ಆಗಲೇ ಕಳಿಸಿರುವ ಎರಡು ಕಡೆಗೂ ಇವತ್ತೇ ಮೇಲ್ ಮಾಡಿ. ಉದ್ದ ಬೇಡ, ಕ್ಷಮೆ ಕೇಳುತ್ತಾ ಪುಟ ತುಂಬಿಸಬೇಡಿ. ‘ನಾನು ಕಳಿಸಿದ ರೆಸ್ಯೂಮ್‌ನಲ್ಲಿ ಡಿಗ್ರಿಯ ವಿವರ ತಪ್ಪಿದೆ. ಎರಡು ವಿಷಯ ಬಾಕಿ ಇದೆ. ತಿದ್ದಿದ ಪ್ರತಿ ಜೊತೆಗಿದೆ. ದಯವಿಟ್ಟು ಇದನ್ನೇ ಪರಿಗಣಿಸಿ.’ ಇಷ್ಟು ಸಾಕು. ಇಬ್ಬರೂ ಉತ್ತರ ಕೊಡದೇ ಇರಬಹುದು. ಆದರೂ ಕಳಿಸಿ. ಫಾರ್ಮ್‌ಗೆ ಸಹಿ ಹಾಕುವ ಮುಂಚೆ ತಿದ್ದುವುದು ಒಂದು ಮೇಲ್‌ನ ಕೆಲಸ, ಆಮೇಲೆ ಎಷ್ಟು ಕಷ್ಟ ಅಂತ ಮೇಲೆ ಹೇಳಿದ್ದೇನೆ.

ಮೇಲ್ ಕಳಿಸಿದ ಮೇಲೆ ಯೂನಿವರ್ಸಿಟಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ. ಬಾಕಿ ವಿಷಯ ಮುಗಿಸಲು ನನಗೆ ಇನ್ನೂ ಎಷ್ಟು ವರ್ಷ ಅವಕಾಶ ಇದೆ? ಮುಂದಿನ ಪರೀಕ್ಷೆಗೆ ಫೀಸ್ ಕಟ್ಟಲು ಕೊನೇ ದಿನ ಯಾವುದು? ಉತ್ತರವನ್ನು ಕಾಗದದ ಮೇಲೆ ಬರೆದು, ಮನೆಯಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿ ಅಂಟಿಸಿ.

ಬಾಕಿ ಇರುವ ಎರಡರಲ್ಲಿ ಸ್ಟ್ಯಾಟಿಸ್ಟಿಕ್ಸ್ ಇದ್ದರೆ ಹೇಳಿ. ಎರಡನೇ ಸಲ ಓದುವಾಗ ಮಾಡಿಕೊಂಡ ನೋಟ್ಸ್ ಇನ್ನೂ ನನ್ನ ಹತ್ತಿರ ಇದೆ, ಸ್ಕ್ಯಾನ್ ಮಾಡಿ ಕಳಿಸುತ್ತೇನೆ.