ಲಿಕ್ಟೆನ್‌ಸ್ಟೈನ್‌ನ ವಿದೇಶಾಂಗ ನೀತಿಯನ್ನು ಸ್ವಿಟ್ಜರ್ಲೆಂಡೇ ನಡೆಸುತ್ತದೆಯೇ?

ಇಲ್ಲ. ಆದರೆ ನಿಮಗೆ ಈ ಅನುಮಾನ ಬಂದದ್ದು ಸಹಜ. ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾ ನಡುವಿನ ಪುಟ್ಟ ದೇಶ ಅದು: ಸುಮಾರು 40 ಸಾವಿರ ಜನ, 160 ಚದರ ಕಿ.ಮೀ. ನೆಲ, 1868ರಿಂದ ಸೈನ್ಯವಿಲ್ಲ, ಚಲಾವಣೆಯಲ್ಲಿರುವುದು ಸ್ವಿಸ್ ಫ್ರಾಂಕ್. ತನ್ನ ರಾಯಭಾರ ಕಚೇರಿ ಇಲ್ಲದ ಕಡೆಗಳಲ್ಲಿ 1919ರಿಂದಲೂ ಸ್ವಿಸ್ ಕಚೇರಿಗಳೇ ಅದರ ಕೆಲಸ ನೋಡಿಕೊಳ್ಳುತ್ತವೆ. ಭಾರತದಿಂದ ಅದರ ರಾಜಧಾನಿ ವಾಡುಟ್ಸ್‌ಗೆ ಹೋಗುವವರು ಷೆಂಗೆನ್ ವೀಸಾ ಕೇಳಬೇಕಾದದ್ದೂ ಸ್ವಿಸ್ ಕಡೆಯಿಂದಲೇ. ಇಷ್ಟೆಲ್ಲ ಇದ್ದರೂ ನಿಲುವು ಅದರದ್ದೇ.

1992ರ ಡಿಸೆಂಬರ್ 6ರಂದು ಸ್ವಿಸ್ ಮತದಾರರು ಯುರೋಪಿಯನ್ ಆರ್ಥಿಕ ವಲಯ (ಯುರೋಪಿಯನ್ ಒಕ್ಕೂಟದ ಮಾರುಕಟ್ಟೆಯನ್ನು ಹೊರಗಿನ ಕೆಲವು ದೇಶಗಳೊಡನೆ ಹಂಚಿಕೊಳ್ಳುವ ವ್ಯವಸ್ಥೆ) ಬೇಡವೆಂದರು. ವಾರ ಕಳೆದು 13ರಂದು ಲಿಕ್ಟೆನ್‌ಸ್ಟೈನ್ ಮತದಾರರು ಬೇಕೆಂದರು. ತೊಡಕಾದದ್ದು 1923ರ ಸುಂಕ ಒಪ್ಪಂದ. ಎರಡು ದೇಶಗಳ ನಡುವೆ ಸುಂಕದ ಕಟ್ಟೆಯೇ ಇಲ್ಲದ ಕಾರಣ, ಯುರೋಪಿನ ನಿಯಮದಡಿ ಬಂದ ಸರಕು ಸ್ವಿಸ್ ಮಾರುಕಟ್ಟೆಗೂ ನುಸುಳುವಂತಿತ್ತು. ಆ ಒಪ್ಪಂದವನ್ನು ತಿದ್ದಿ, 1995ರ ಏಪ್ರಿಲ್‌ನಲ್ಲಿ ಮತ್ತೆ ಜನಮತ ಪಡೆದು, ಮೇ 1ರಂದು ವಲಯ ಸೇರಿತು. ಇಂದು ಅಲ್ಲಿ ಎರಡೂ ನಿಯಮಗಳ ಸರಕು ಮಾರಬಹುದು. ಸ್ವಿಸ್ ನಿಯಮಕ್ಕೆ ಒಗ್ಗದ್ದು ಆಚೆ ದಾಟದಂತೆ ಕಾಯುವ ಹೊಣೆ ಲಿಕ್ಟೆನ್‌ಸ್ಟೈನ್‌ನದು. 2024ರ ಮಾರ್ಚ್ 10ರಂದು ದೆಹಲಿಯಲ್ಲಿ ಭಾರತದೊಡನೆ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದ ಇಎಫ್‌ಟಿಎ (ಯುರೋಪಿಯನ್ ಮುಕ್ತ ವ್ಯಾಪಾರ ಸಂಘ) ಕೂಟದ ನಾಲ್ಕು ದೇಶಗಳಲ್ಲಿ ಅದೂ ಒಂದು.

ನನ್ನ ಪ್ರಕಾರ ಅದರ ನಿಜವಾದ ಕಸುಬು ಕಾಣುವುದು 1990ರಲ್ಲಿ ಸದಸ್ಯತ್ವ ಪಡೆದ ವಿಶ್ವಸಂಸ್ಥೆಯಲ್ಲಿ. ಸೈನ್ಯವಿಲ್ಲದ ದೇಶಕ್ಕೆ ಕಾನೂನೇ ರಕ್ಷಣೆ. ಹಾಗಾಗಿ ಕೆಲವೇ ವಿಷಯಗಳನ್ನು ಆರಿಸಿಕೊಂಡು ವರ್ಷಗಟ್ಟಲೆ ಬಿಡದೆ ಹಿಡಿಯುತ್ತದೆ. ಸಿರಿಯಾದ ಪ್ರಕರಣವನ್ನು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸುವ ಯತ್ನವನ್ನು 2014ರಲ್ಲಿ ರಷ್ಯಾ, ಚೀನಾ ವೀಟೊದಿಂದ ತಡೆದವು. ವೀಟೊ ನಡೆಯುವುದು ಭದ್ರತಾ ಮಂಡಳಿಯಲ್ಲಿ ಮಾತ್ರ, ಸಾಮಾನ್ಯ ಸಭೆಯಲ್ಲಿ ಅಲ್ಲ. ಲಿಕ್ಟೆನ್‌ಸ್ಟೈನ್ ಆ ದಾರಿ ಹಿಡಿದು, ಕತಾರ್ ಜೊತೆಗೂಡಿ, 2016ರ ಡಿಸೆಂಬರ್ 21ರಂದು ಸಾಕ್ಷ್ಯ ಸಂಗ್ರಹಿಸುವ ವ್ಯವಸ್ಥೆಯೊಂದಕ್ಕೆ ಒಪ್ಪಿಗೆ ಪಡೆಯಿತು: ಪರ 105, ವಿರೋಧ 15, ತಟಸ್ಥ 52. ಅದು ಯಾರನ್ನೂ ವಿಚಾರಣೆಗೆ ಗುರಿಪಡಿಸಲಾರದು. ಕಡತ ಕಟ್ಟಿಟ್ಟು, ಬೇರೆ ಬೇರೆ ದೇಶಗಳ ನ್ಯಾಯಾಲಯಗಳಲ್ಲಿ ನಡೆಯುವ ಮೊಕದ್ದಮೆಗಳಿಗೆ ಒದಗಿಸುತ್ತದೆ.

ಇದರ ಮುಂದಿನ ಹೆಜ್ಜೆ, ಲಿಕ್ಟೆನ್‌ಸ್ಟೈನ್ ಮುಂದಾಳತ್ವದಲ್ಲಿ ಸಾಮಾನ್ಯ ಸಭೆ ಒಪ್ಪಿದ 2022ರ ಏಪ್ರಿಲ್ 26ರ ನಿರ್ಣಯ. ಯಾವುದೇ ವೀಟೊ ಬಿದ್ದ 10 ಕೆಲಸದ ದಿನಗಳೊಳಗೆ ಸಾಮಾನ್ಯ ಸಭೆ ಸೇರಿ ಚರ್ಚಿಸಬೇಕು. ವೀಟೊ ಹಾಕಿದವರಿಗೆ ಮಾತಿನ ಸರದಿಯಲ್ಲಿ ಆದ್ಯತೆ. ಇದನ್ನು ‘ವೀಟೊ ರದ್ದು’ ಎಂದು ಬರೆಯುವವರಿದ್ದಾರೆ, ಅದು ತಪ್ಪು. ವೀಟೊ ಹಾಗೇ ಉಳಿಯುತ್ತದೆ, ಎದ್ದು ನಿಂತು ಕಾರಣ ಹೇಳುವ ಒತ್ತಡವಷ್ಟೇ ಬೀಳುತ್ತದೆ. ಆ ವರ್ಷದ ಜೂನ್ 8ರಂದು, ಉತ್ತರ ಕೊರಿಯಾ ಕುರಿತ ವೀಟೊ ಬಗ್ಗೆ, ಮೊದಲ ಚರ್ಚೆ ನಡೆಯಿತು.

ಕಾನೂನಿನ ದಾರಿ ಪ್ರತಿ ಸಲವೂ ಫಲಿಸಿಲ್ಲ. ಎರಡನೇ ಮಹಾಯುದ್ಧದ ನಂತರ ಚೆಕೊಸ್ಲೊವಾಕಿಯಾ ವಶಪಡಿಸಿಕೊಂಡ ತನ್ನ ಪ್ರಜೆಗಳ ಆಸ್ತಿಗಳನ್ನು ಜರ್ಮನ್ ಆಸ್ತಿಯೆಂದೇ ಎಣಿಸಿತೆಂದು ಜರ್ಮನಿಯ ವಿರುದ್ಧ ಲಿಕ್ಟೆನ್‌ಸ್ಟೈನ್ ಹೂಡಿದ ದಾವೆಯನ್ನು, ತನಗೆ ಅಧಿಕಾರವ್ಯಾಪ್ತಿ ಇಲ್ಲವೆಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2005ರಲ್ಲಿ ಕೈಬಿಟ್ಟಿತು. ಚೆಕ್ ಗಣರಾಜ್ಯದೊಡನೆ ರಾಜತಾಂತ್ರಿಕ ಸಂಬಂಧ ಕುದುರಿದ್ದೇ 2009ರಲ್ಲಿ. ಆಸ್ತಿಯ ತಗಾದೆ ಆಗಲೂ ಮುಗಿಯದೆ, 2020ರಲ್ಲಿ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದ ಮೆಟ್ಟಿಲೇರಿತು.